ಅರ್ಧ ಔನ್ಸಿನ ತಗಡು

ಇದು ಅರ್ಧ ಔನ್ಸು. ತೂಗಿ ನೋಡು ಚೌಡೇಶ,
ಕಣ್ಣಲ್ಲಲ್ಲ, ಬೆರಳಲ್ಲಿ.
ಸೀಸದ ತಲೆ, ಒಂದೇ ಕೊಕ್ಕೆ,
ಕೊಕ್ಕೆಗೆ ರಬ್ಬರು ಎಳೆಗಳ ಲಂಗ,
ಮೂಗಿನ ಮುಂದೆ ಆರು ಮೂಲೆಯ ತಗಡು.
ಜಿಗ್ಗು ಅಂದರೆ ಇಷ್ಟೇ.
ಪೇಟೆಯಲ್ಲಿ ಇದಕ್ಕೆ ಆರುನೂರು ಹೇಳುತ್ತಾರೆ.
ಇದು ನಮ್ಮ ಪ್ರೆಸ್ಸಿನ ಕೆಳಗೆ ಬಿದ್ದ ಚೂರು,
ಅರ ಹಾಕಿ ಉಜ್ಜಿದ್ದು ನಾನು.
ಗೇಟಿನಲ್ಲಿ ಪೆರುಮಾಳ್ ತಡೆದ, ಜೇಬಲ್ಲೇನಣ್ಣ?
ಮೀನು, ಅಂದೆ.
ನಕ್ಕು ಬಿಟ್ಟುಬಿಟ್ಟ.

ನೀರು ನೋಡಿ ತಗಡು ಆರಿಸು.
ಕೆಲವರಪಳ್ಳಿ ಅಣೆಕಟ್ಟೆಯ ನೀರು
ದಿನಕ್ಕೊಂದು ಬಣ್ಣ,
ಮೇಲಿನ ಊರುಗಳು ಏನು ತೊಳೆದವೋ ಅದರದ್ದು.
ನೊರೆ ಎದ್ದ ದಿನ ಮನೆಗೆ ಹೋಗು.
ಹೀಗೆ ಇವತ್ತಿನ ಹಾಗೆ ಟೀ ಬಣ್ಣಕ್ಕೆ ಕಲಕಿದ್ದರೆ
ಕಪ್ಪು ಲಂಗ, ಅಗಲ ತಗಡು.
ಕಾಣದಿದ್ದರೆ ಚಿಂತೆಯಿಲ್ಲ, ನಡುಕ ಹೋಗಿ ಮುಟ್ಟಬೇಕು.
ತಿಳಿಯಿದ್ದರೆ ಕಪ್ಪೆ ಹಸಿರು,
ತಗಡು ಕಿರಿದು, ಹೊಳಪು ತೆಗೆದದ್ದು.
ಯಾವಾಗಲೂ ಮಿರಮಿರ ಮಿಂಚಲೇಬೇಕು ಅನ್ನುವವರು
ಮದುವೆ ಮನೆಗೆ ಹೋಗಲಿ.

ಎಸೆದ ಮೇಲೆ ಮೂರೆಣಿಸು. ಮುಳುಗಲಿ.
ಆಮೇಲೆ ರೀಲು ಸುತ್ತು
ಅಜ್ಜಿ ರಾಗಿ ಬೀಸುವ ಹಾಗೆ,
ಅವಸರವಿಲ್ಲ, ನಿಲ್ಲಿಸುವುದೂ ಇಲ್ಲ.
ತಗಡು ಎಚ್ಚರಾಗಿ
ಎಡಕ್ಕೆ ಬಲಕ್ಕೆ ಬಡಿದುಕೊಳ್ಳುತ್ತದೆ,
ಟಕಟಕ ಅನ್ನುತ್ತದಂತೆ.
ನೀನು ಹೇಳಿದ್ದು. ನನಗೆ ಗೊತ್ತಿಲ್ಲ.

ನೂರಿಪ್ಪತ್ತು ಟನ್ನಿನ ಪ್ರೆಸ್ಸು, ನಿಮಿಷಕ್ಕೆ ನಲವತ್ತು ಏಟು,
ಹತ್ತೊಂಬತ್ತು ವರ್ಷ.
ಕಿವಿಗೆ ಹತ್ತಿ ಕೊಟ್ಟಿದ್ದರು,
ನಾವು ಅದರಲ್ಲಿ ಕೈಯ ಎಣ್ಣೆ ಒರೆಸಿಕೊಂಡೆವು.
ಮೊದಲು ಹೋದವು ಸಣ್ಣ ಸದ್ದುಗಳು:
ಸೊಳ್ಳೆ, ಉಕ್ಕುವ ಹಾಲು,
ಪಾಪಮ್ಮನ ಕಾಲುಂಗುರ.
ಆಮೇಲೆ ಪಾಪಮ್ಮ. ತುಟಿ ಆಡುತ್ತದೆ,
ಬೈಗುಳವೋ ಊಟಕ್ಕೆ ಕರೆದದ್ದೋ
ಹುಬ್ಬು ನೋಡಿ ತಿಳಿಯಬೇಕು.
ಆದರೂ ಡೈ ಸವೆದರೆ ನನ್ನನ್ನೇ ಕರೆಯುತ್ತಾರೆ ಇಂದಿಗೂ,
ಮೆಷಿನ್ನಿನ ಮೈಮೇಲೆ ಅಂಗೈ ಇಟ್ಟು
ಯಾವ ಬೋಲ್ಟು ಸಡಿಲ ಅಂತ ಹೇಳುತ್ತೇನೆ.

ಕೊರವ ಮೀನಿಗೂ ಪಕ್ಕೆಯಲ್ಲಿ ಒಂದು ಕಿವಿ,
ಕಿವಿರಿನಿಂದ ಬಾಲದ ತನಕ ಎಳೆದ ಗೆರೆ.
ಅಂತರಗಂಗೆಯ ನೆರಳಲ್ಲಿ ಕೆಸರಿಗೆ ಹೊಟ್ಟೆ ಕೊಟ್ಟು
ಮೈಯಿಂದ ಕೇಳಿಸಿಕೊಳ್ಳುತ್ತದೆ.
ಅದಕ್ಕೇ ಹೇಳಿದ್ದು, ಕೋಲಿನ ಬುಡ ಮೊಣಕೈಗೆ ಒತ್ತು ಅಂತ.
ನಡುಕ ಮಂಕಾದರೆ ಸೊಪ್ಪು ಸಿಕ್ಕಿದೆ,
ಝಾಡಿಸಿ ಕೀಳು.
ಕಿತ್ತುಕೊಂಡು ಚಿಮ್ಮುವಾಗಲೇ
ಎಷ್ಟೋ ಸಲ ಬಾಯಿ ಹಾಕಿದೆ.
ನಡುಕ ಪೂರ್ತಿ ಇಲ್ಲವಾದರೆ
ಯೋಚಿಸಬೇಡ. ಎಳೆ.

ಅಲ್ಲಿ ಬೇಡ.
ಕೋಲು ಇಳಿಸು, ಆ ಮೂಲೆ ನೋಡು,
ನೀರಲ್ಲಿ ಕುಂಕುಮ ಕದಡಿದ ಹಾಗೆ ಕೆಂಪು ಉಂಡೆ,
ಮೇಲೆ ಬಂದು ಉಸಿರೆಳೆದು ಮುಳುಗುತ್ತದೆ.
ಮರಿಗಳು. ಕೆಳಗೆ ತಾಯಿಯೋ ತಂದೆಯೋ.
ಅಲ್ಲಿ ಎಸೆದರೆ ಮೊದಲ ಸುತ್ತಿಗೇ ಹೊಡೆಯುತ್ತದೆ,
ಹಸಿವಿಗಲ್ಲ.
ಹೋದ ಆಷಾಢದಲ್ಲಿ ಎಸೆದಿದ್ದೆ.
ಮೂರು ಕೆಜಿ. ಕೋಲು ಬಿಲ್ಲಾಯಿತು,
ಮತ್ತಿಗಿರಿಯ ಹುಡುಗರು ಫೋಟೊ ಹಿಡಿದರು.
ಮಾರನೇ ದಿನ ಅದೇ ಮೂಲೆಗೆ ಬಂದೆ,
ಕೆಂಪು ಇರಲಿಲ್ಲ,
ಜಿಲೇಬಿ ಮೀನುಗಳು ಹೊಟ್ಟೆ ಉಬ್ಬಿಸಿಕೊಂಡು ತಿರುಗುತ್ತಿದ್ದವು.
ಸಾರು ಚೆನ್ನಾಗೇ ಇತ್ತು.
ಅದೇ ಬೇಜಾರು.

ಈ ಕಡೆ ಎಸಿ, ಮುಳುಗಿದ ಜಾಲಿ ಮರದ ಪಕ್ಕ.
ಮೂರೆಣಿಸು.
ಏನೋ ಕೂಗುತ್ತಿದ್ದೀಯ, ನಿನ್ನ ಕತ್ತಿನ ನರ ಕಾಣುತ್ತಿದೆ.
ತಡಿ, ನಿನ್ನ ಕೋಲಿನ ಮೇಲೆ ಬೆರಳಿಡುತ್ತೇನೆ.

ಮೀನಲ್ಲ ಕಣೋ.
ತಗಡಿನ ರಿಂಗು ಬಿಚ್ಚಿಕೊಳ್ಳುತ್ತಿದೆ,
ಇಕ್ಕಳ ಕೊಡು.
ಅಂದಹಾಗೆ ಹೊಸ ಪ್ರೆಸ್ಸಿಗೆ ನಿನ್ನನ್ನೇ ಹಾಕಿದ್ದಾರಂತೆ,
ಹತ್ತಿ ಕಿವಿಗೇ ಇಡುತ್ತೀಯ ತಾನೇ?
ತಲೆ ಆಡಿಸಬೇಡ,
ಕೈ ತೋರಿಸು.
ಎಣ್ಣೆ ಹಾಗೇ ಇದೆಯಾ ನೋಡುತ್ತೇನೆ.